ಯಾರ ಮಾತಿಗೆ ಬಿಡುಗಡೆ

ವೀಸಾ ಮುಗಿದು ಪರದೇಶದ ಜೈಲು ಸೇರಿದ್ದ ತಮ್ಮ ನಾಡಿನ ನರ್ಸ್ ಫಿಲೋಮಿನಾಳನ್ನು ಬಿಡಿಸಲು ರಾಯಭಾರಿ ಅಚ್ಯುತರಾಯರು ಅಲ್ಲಿನ ಮಂತ್ರಿಗೆ ಕೈಮುಗಿದರು.

“ಹಿಂದೆಲ್ಲ ನಿಮ್ಮದೊಂದು ಫೋನ್ ಸಾಕಿತ್ತು ರಾಯರೇ. ಈಗ ನಿಮ್ಮ ಪ್ರಧಾನಿಗಳು ಚುನಾವಣಾ ಭಾಷಣದಲ್ಲಿ ನಮ್ಮನ್ನು ಭಿಕಾರಿಗಳು ಅಂದಿದ್ದಾರೆ. ನಿಮ್ಮ ಮಾತಿಗೆ ಮಣಿದರೆ ನಮ್ಮ ಜನ ನನ್ನನ್ನು ಸುಮ್ಮನೆ ಬಿಡುವುದಿಲ್ಲ.”

“ಬೇರೆ ದೇಶದವರು ಕೇಳಿದರೆ?”

ಮಂತ್ರಿ ತಲೆ ತಗ್ಗಿಸಿದರು. “ಬಿಡಬಹುದು.”

ರಾಯರು ನೆರೆದೇಶದ ರಾಯಭಾರಿಯ ಮನೆಗೆ ಹೋಗಿ ಅಂಗಲಾಚಿದರು. ಅವರು ಒಂದು ಮಾತು ಹೇಳಿದ್ದೇ ಬಿಡುಗಡೆಯಾಯಿತು.

ಜೈಲಿನಿಂದ ಹೊರಬಂದ ಫಿಲೋಮಿನಾ, ಕರೆದೊಯ್ಯಲು ಬಂದಿದ್ದ ಆ ನೆರೆದೇಶದ ರಾಯಭಾರಿಯ ಕೈ ಹಿಡಿದು ಅತ್ತಳು. ಆಮೇಲೆ ಅವರ ಕಾರಿನ ಪಕ್ಕ ನಿಂತಿದ್ದ ರಾಯರನ್ನು ನೋಡಿದಳು.

“ನೀವು ನಮ್ಮ ಕಡೆಯೋರಾ? ನಮ್ಮ ದೇಶದೋರು ಒಬ್ರೂ ಬರ್ಲಿಲ್ಲ ಅಂದ್ಕೊಂಡಿದ್ದೆ.”

ರಾಯರು ಅವಳಿಗೆ ಕಾರಿನ ಬಾಗಿಲು ತೆರೆದರು.

“ಹೌದಮ್ಮ. ನಾನು ಇವರ ಡ್ರೈವರ್.”