ಕರಿಯನ ಬಿಳಿ ಮೂತಿ

ನಾಯಿಯ ಬಾಯಿ ತೆರೆದು ತೋರಿಸಲು ಕುಶಲಾ ಸುತಾರಾಂ ಒಪ್ಪಲಿಲ್ಲ.

"ಹಲ್ಲು ಎಂತಕ್ಕೆ ನೋಡುವುದು ಮಾರಾಯ್ರೇ? ಮುದಿ ನಾಯಿ. ಬೇಕಾದರೆ ದೂರದಿಂದ ನೋಡಿ."

ಲಕ್ಷಿತ್ ನಕ್ಕ. ಮಣಿಪಾಲದ ಆಫೀಸಿನಿಂದ ಉಚ್ಚಿಲದವರೆಗೆ ಸುಡುಬಿಸಿಲಲ್ಲಿ ಬೈಕ್ ಓಡಿಸಿಕೊಂಡು ಬಂದದ್ದು ದೂರದಿಂದ ನೋಡಿ ಹೋಗಲಿಕ್ಕೇ? ನಾಯಿಗಳಿಗೆ ವಿಮೆ ಮಾಡಿಸುವ ಅವನ ಕಂಪನಿ, ನಾಯಿಗೆ ಹತ್ತು ತುಂಬಿತೆಂದರೆ ವರ್ಷ ವರ್ಷವೂ ಪ್ರೀಮಿಯಂ ಏರಿಸುತ್ತದೆ. ಈ ವರ್ಷ ಹೊಸ ನಿಯಮ ಬೇರೆ: ಮನೆಗೇ ಹೋಗಿ ನಾಯಿ ನೋಡಬೇಕು. ಗಟ್ಟಿಮುಟ್ಟಾಗಿದ್ದರೆ ಸ್ವಲ್ಪ ಏರಿಕೆ, ಸೊರಗಿದ್ದರೆ ಸಿಕ್ಕಾಪಟ್ಟೆ. ಜನ ಬಿಡುತ್ತಾರೆಯೇ? ನರೆತ ಮೂತಿಗೆ ತಲೆಗೂದಲಿನ ಡೈ ಹಚ್ಚುತ್ತಾರೆ. ಕುಂಟುವ ನಾಯಿಗೆ ನೋವಿನ ಮಾತ್ರೆ ನುಂಗಿಸಿ ಓಡಿಸಿ ತೋರಿಸುತ್ತಾರೆ. ಲಕ್ಷಿತ್ ಇದನ್ನೆಲ್ಲ ನೋಡಿ ಪಳಗಿದವ.

ಇಲ್ಲಿ ಡೈ ಇರಲಿಲ್ಲ. ಕರಿಯ ಹೆಸರಿಗೆ ತಕ್ಕ ಹಾಗೆ ಕಪ್ಪು, ಮೂತಿ ಮಾತ್ರ ಬೆಳ್ಳಗೆ. ವಯಸ್ಸು ಹದಿಮೂರು. ಆದರೆ ಗೇಟು ತೆಗೆದ ಕೂಡಲೇ ಈ ಅಜ್ಜ ಅಂಗಳವನ್ನೆಲ್ಲ ಸುತ್ತಿ, ಬೈಕಿನ ಸೀಟಿಗೆ ಮುಂಗಾಲಿಟ್ಟು ಬಾಲ ಆಡಿಸುತ್ತಾ ನಿಂತಿದ್ದ. ಮಾತ್ರೆಯೇ, ಸಂಶಯವೇ ಇಲ್ಲ.

"ಬೆಳಿಗ್ಗೆ ಮದ್ದು ಏನಾದರೂ ಕೊಟ್ಟಿದ್ದೀರಾ ಅಕ್ಕ?"

"ಇಲ್ಲಪ್ಪ." ಕುಶಲಾ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಈ ವರ್ಷ ವಿಮೆಯೇ ಬೇಡ ಅಂತ ಫೋನಿನಲ್ಲಿ ಹೇಳಿದ್ದೆ, ಅಲ್ವಾ?"

"ಬೇಕು ಅಂತ ನಿಮ್ಮ ತಮ್ಮ ಹೇಳಿದ್ದಾರೆ."

ಒಳಗಿನಿಂದ ತಮ್ಮನ ಸ್ವರ ಬಂತು. "ಹಲ್ಲಿಲ್ಲದ ಬಾಯಿಯಲ್ಲಿ ಎಂತ ನೋಡಲಿಕ್ಕುಂಟು? ಎಷ್ಟು ಏರಿಸ್ತೀರೋ ಏರಿಸಿ ಮಾರಾಯ್ರೇ. ಬಿಸಿಲಲ್ಲಿ ನಿಲ್ಲಬೇಡಿ."

ದೇವದಾಸ ಬೆಳ್ಮಣ್ ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದವ. ಸಕ್ಕರೆ ಕಾಯಿಲೆ ಕಣ್ಣಿಗೆ ಬಂದು ಕೆಲಸ ಬಿಡಿಸಿತು. ಈಗ ಅಕ್ಕನ ಬಾಡಿಗೆ ಮನೆಯಲ್ಲಿ, ಅವಳ ಹೊಲಿಗೆ ಮಿಷನ್ನಿನ ಪಕ್ಕ ಮಂಚ ಹಾಕಿಕೊಂಡಿದ್ದಾನೆ. ಬಿಳಿ ಯಾವುದು, ಕಪ್ಪು ಯಾವುದು ಎಂದು ತಿಳಿಯುವಷ್ಟು ಮಾತ್ರ ದೃಷ್ಟಿ ಉಳಿದಿದೆ.

ಲಕ್ಷಿತ್ ಕುಕ್ಕರಗಾಲಲ್ಲಿ ಕೂತು ಸಿಳ್ಳೆ ಹಾಕಿದ. ಕರಿಯ ಹಾರಿ ಬಂದು ಅವನ ತೋಳಿಗೆಲ್ಲ ಮೂತಿ ಉಜ್ಜಿತು. ಸಮಯ ನೋಡಿ ಅದರ ತುಟಿ ಎತ್ತಿದ. ಒಂದೂ ಸವೆಯದ, ಫಳಫಳ ಹೊಳೆಯುವ ಹಲ್ಲು. ತೋಳಿಗೆ ಏನೋ ಜಿಗುಟು ತಾಗಿತು. ನೋಡಿದರೆ ಬಿಳಿ. ಹೆಬ್ಬೆರಳಿನಿಂದ ನಾಯಿಯ ಮೂತಿ ತಿಕ್ಕಿದ. ನರೆ ಕಿತ್ತು ಬಂತು. ಅಡಿಯಲ್ಲಿ ಕಪ್ಪು ರೋಮ. ಬೆರಳು ಮೂಸಿದ. ನೀರುದೋಸೆಯ ಹಿಟ್ಟು, ತೆಂಗಿನೆಣ್ಣೆ.

ಅಯ್ಯೋ ದೇವರೇ! ಮುದಿ ನಾಯಿಯನ್ನು ಎಳೆಯದು ಮಾಡುವವರು ಬೇಕಾದಷ್ಟು ಜನ. ಎಳೆ ನಾಯಿಯನ್ನು ಮುದಿ ಮಾಡಿ ಜಾಸ್ತಿ ದುಡ್ಡು ಕಟ್ಟುವ ಹುಚ್ಚು ಯಾರಿಗೆ?

ಕುಶಲಾ ಅವನ ತೋಳು ಹಿಡಿದು ಹಿತ್ತಲಿಗೆ ಎಳೆದೊಯ್ದಳು.

"ಮೆಲ್ಲ ಮಾತಾಡಿ, ನಿಮ್ಮ ದಮ್ಮಯ್ಯ. ಕರಿಯ ಹೋದ ವರ್ಷವೇ ಹೋಯಿತು. ಇದು ಕಾಪು ಮೀನು ಮಾರ್ಕೆಟಿನಲ್ಲಿ ಸಿಕ್ಕಿದ್ದು." ಬಾವಿಯ ಕಡೆಗೆ ಕಣ್ಣು ತೋರಿಸಿದಳು. "ಕಣ್ಣು ಹೋದಾಗ ಅವ ಒಂದು ದಿನ ಆ ಕಟ್ಟೆ ಹತ್ತಿದ್ದ. ಕರಿಯ ಲುಂಗಿ ಕಚ್ಚಿ ಎಳೆದದ್ದಕ್ಕೆ ಉಳಿದ. ಆಮೇಲೆ ಎಷ್ಟೋ ತಿಂಗಳು ನಾನು ಬಾವಿಯ ಬುಡದಲ್ಲೇ ಚಾಪೆ ಹಾಕಿ ಮಲಗಿದೆ. 'ಕರಿಯ ಇರುವಷ್ಟು ದಿನ ನಾನೂ ಇರ್ತೇನೆ ಅಕ್ಕ, ನೀನು ಒಳಗೆ ಬಾ' ಅಂದ. ಈಗ ಕರಿಯ ಇಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? ಅವನಿಗೆ ಕಾಣುವುದು ಆ ಬಿಳಿ ಮೂತಿ ಒಂದೇ. ದಿನಾ ಬೆಳಿಗ್ಗೆ ಹಚ್ಚಿ ಬಿಡ್ತೇನೆ."

ಲಕ್ಷಿತನಿಗೆ ಸಿಟ್ಟು ಬಂತು. ಸತ್ತ ನಾಯಿಗೆ ವಿಮೆ ಮಾಡಿಸಿದರೆ ಕೆಲಸಕ್ಕೇ ಸಂಚಕಾರ. ಇಲ್ಲವೆಂದರೆ ಒಳಗಿರುವವನಿಗೆ ಕಾರಣ ಹೇಳಬೇಕು. ಎಂಥ ಮನೆಗೆ ಬಂದು ಸಿಕ್ಕಿಬಿದ್ದೆನಪ್ಪಾ ಎಂದು ಬೈದುಕೊಳ್ಳುತ್ತಲೇ ಒಳಗೆ ಹೋದ.

ಹಿಂದೆಯೇ ಬಂದ ನಾಯಿ ಒಂದೇ ನೆಗೆತಕ್ಕೆ ಮಂಚ ಹತ್ತಿತು. ದೇವದಾಸ ಅದರ ಬೆನ್ನು ಸವರಿದ.

"ಹೇಗುಂಟು ನಮ್ಮ ಕರಿಯ?"

"ತುಂಬಾ ಮುದಿಯಾಗಿದೆ ಅಣ್ಣ." ಲಕ್ಷಿತ್ ತೋಳಿಗಂಟಿದ ಹಿಟ್ಟು ಒರೆಸಿಕೊಂಡ. "ಪ್ರೀಮಿಯಂ ವಿಪರೀತ ಏರ್ತದೆ. ಈ ಸಲ ಬಿಟ್ಟುಬಿಡುವ, ಅಲ್ವಾ?"

"ಬಿಡುವ ಮಾತೇ ಇಲ್ಲ. ಅಕ್ಕ, ಇವರಿಗೆ ಒಂದು ಚಾ ಮಾಡು."

ಕುಶಲಾ ಲಕ್ಷಿತನಿಗೆ ಕಣ್ಣಲ್ಲೇ ಕೈಮುಗಿದು ಅಡುಗೆಮನೆಗೆ ಹೋದಳು. ದೇವದಾಸ ಊಟದ ಬಟ್ಟಲಲ್ಲಿ ತಡವಿ, ಹುರಿದ ಬಂಗುಡೆ ಮೀನಿನ ತಲೆಯೊಂದನ್ನು ನಾಯಿಗೆ ಹಿಡಿದ. ಕಟಕಟ ಅಗಿಯುವ ಸದ್ದು ನಿಲ್ಲುವ ತನಕ ಸುಮ್ಮನೆ ಕೇಳಿದ. ಆಮೇಲೆ ಲಕ್ಷಿತನ ಮಣಿಕಟ್ಟು ಹುಡುಕಿ ಹಿಡಿದು ಹತ್ತಿರಕ್ಕೆ ಎಳೆದ.

"ಕರಿಯನಿಗೆ ಕೊನೆಕೊನೆಗೆ ಗಂಜಿ ಬಿಟ್ಟರೆ ಬೇರೆ ಏನೂ ತಿನ್ನಲಿಕ್ಕೆ ಆಗ್ತಿರಲಿಲ್ಲ," ಎಂದು ಪಿಸುಗುಟ್ಟಿದ. "ಮುದಿ ನಾಯಿಯ ರೇಟೇ ಹಾಕಿ ಮಾರಾಯ್ರೇ, ನನಗೆ ಗೊತ್ತುಂಟು ಅಂತ ತಿಳಿದರೆ ಅಕ್ಕ ಪುನಃ ಚಾಪೆ ಹಿಡಿದುಕೊಂಡು ಬಾವಿಯ ಬುಡಕ್ಕೆ ಹೋಗ್ತಾಳೆ."