ಗೆಲುವಿನ ಕಂಬ

ಕಲ್ಲುಕುಟಿಗನ ಗಾಡಿ ಆಲಿವ್ ತೋಪಿನೊಳಗೆ ಬಂದಾಗ ಮುದುಕಿ ಫಿಲಿನ್ನ ಗೆಲುವಿನ ಕಂಬದ ಪಕ್ಕದಲ್ಲಿ ಕೂತು ಉಣ್ಣೆ ನೂಲುತ್ತಿದ್ದಳು. ಏಳಲಿಲ್ಲ.

"ಆಚೆ ಸರಿ ಅಜ್ಜಿ," ಎಂದ, ಗಾಡಿಯ ಜೊತೆ ಬಂದು ಕುದುರೆಯಿಂದ ಇಳಿದ ಥೀಬ್ಸಿನ ಅಧಿಕಾರಿ ಮೆನೋನ್. "ಈ ಮರದ ಕಂಬ ಕಿತ್ತು ಕಲ್ಲಿಂದು ನಿಲ್ಲಿಸ್ಬೇಕು."

ಹತ್ತೊಂಬತ್ತು ವರ್ಷದ ಹಿಂದೆ ಇದೇ ತೋಪಿನಲ್ಲಿ ಥೀಬ್ಸಿನವರು ಅವಳ ಪುಟ್ಟ ಊರನ್ನು ಸೋಲಿಸಿದ್ದರು. ಸೋತವರು ಬೆನ್ನು ತಿರುಗಿಸಿದ ಜಾಗದಲ್ಲೇ ಕಂಬ ನೆಟ್ಟು, ಸತ್ತವರ ಗುರಾಣಿಗಳನ್ನು ತೂಗುಹಾಕಿ, ಜೀಯಸ್ ದೇವರಿಗೆ ಒಪ್ಪಿಸಿ ಹೋಗಿದ್ದರು. ದೇವರದಾದ ಮೇಲೆ ಅದನ್ನು ಸೋತವರು ಕೀಳುವಂತಿಲ್ಲ, ಗೆದ್ದವರು ರಿಪೇರಿ ಮಾಡುವಂತಿಲ್ಲ. ಮರ ತಾನಾಗಿ ಕೊಳೆತು ಬೀಳಬೇಕು, ಅದರ ಜೊತೆಗೆ ಹಗೆಯೂ. ಎಲ್ಲಕ್ಕಿಂತ ಮೇಲೆ ತೂಗುತ್ತಿದ್ದ, ಹುಂಜದ ಚಿತ್ರದ ಗುರಾಣಿ ಫಿಲಿನ್ನಳ ಗಂಡನದು. ಕಂಬ ಬಿದ್ದ ದಿನ ಅದನ್ನು ಮನೆಗೆ ಒಯ್ದು ಒಲೆಯ ಮೇಲಿನ ಗೋಡೆಗೆ ತೂಗುಹಾಕಬೇಕೆಂದು ಅವಳು ಮೊಳೆ ಕೂಡ ಹೊಡೆದಿಟ್ಟಿದ್ದಳು.

"ಕಲ್ಲು ಕೊಳೆಯಲ್ವಲ್ಲಪ್ಪ?"

"ಅದಕ್ಕೇ ಅಜ್ಜಿ! ಸ್ಪಾರ್ಟಾದೋರಿಗೇ ಮಣ್ಣು ಮುಕ್ಕಿಸಿದೀವಿ. ಇನ್ಮೇಲೆ ನಮ್ಮದೇ ದರ್ಬಾರು."

"ಅಥೆನ್ಸಿನೋರೂ ಹಾಗೇ ಅಂದ್ಕೊಂಡು ಈ ದಾರೀಲಿ ಹೋದ್ರು. ಆಮೇಲೆ ಸ್ಪಾರ್ಟಾದೋರು. ಅವರ ಕುದುರೆಗೆಲ್ಲ ನನ್ನ ಬಾವಿ ನೀರೇ. ನಿನ್ನದೂ ಬಾಯಾರಿರಬೇಕು, ಕುಡಿಸ್ಕೊ."

ಕಲ್ಲುಕುಟಿಗ ಕಿಸಕ್ಕನೆ ನಕ್ಕ. ಮೆನೋನ್ ಅವನತ್ತ ದುರುಗುಟ್ಟಿದ. "ಏನೋ ಹಲ್ಲು ಕಿರೀತೀಯಾ? ಹಾರೆ ತಗೊ!"

ಕಲ್ಲುಕುಟಿಗ ಹಾರೆ ಎತ್ತಿಕೊಂಡು ಕಂಬದ ತನಕ ಬಂದ. ಮೇಲೆ ನೋಡಿದ. ಹಾರೆಯನ್ನು ಮೆಲ್ಲಗೆ ನೆಲಕ್ಕಿಟ್ಟ. "ದೇವರ ಸೊತ್ತು ಒಡೆಯಾ. ಕೀಳೋದು ನೀವು ಕಿತ್ಕೊಡಿ, ನಿಲ್ಸೋದು ನಾನು ನಿಲ್ಲಿಸ್ತೀನಿ."

ಮೆನೋನನ ಕೈಯೂ ಮುಂದೆ ಹೋಗಲಿಲ್ಲ. ಸಿಟ್ಟಿಗೆ ಈಟಿಯ ಹಿಂಗೊನೆಯಿಂದ ಬುಡದ ಮಣ್ಣು ಕುಟ್ಟಿದ. ಈಟಿ ಪಚಕ್ಕನೆ ಒಳಗಿಳಿಯಿತು.

"ಮಳೆ ಬಂದು ಮೂರು ತಿಂಗಳಾಯ್ತು. ಬುಡ ಹೆಂಗೆ ಒದ್ದೆ?"

"ದಿನಾ ಬೆಳಿಗ್ಗೆ ದೇವರಿಗೆ ನೀರು ಎರೀತೀನಪ್ಪ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ ತಪ್ಪಿಸಿಲ್ಲ. ಯಾಕೆ, ನಿಮ್ಮೂರಲ್ಲಿ ದೇವರಿಗೆ ನೀರು ಎರೆಯೋದು ತಪ್ಪಾ?"

ಮೆನೋನ್ ಈಟಿಯನ್ನು ಹಿಂದಕ್ಕೆಳೆದುಕೊಂಡ. "ಬೀಳಲಿ ಬಿಡು. ಬಿದ್ದ ಮಾರನೇ ದಿನವೇ ಕಲ್ಲು ತಂದು ನಿಲ್ಲಿಸ್ತೀನಿ."

"ಹೊಸ ಕಂಬಕ್ಕೆ ಹೊಸ ಯುದ್ಧ ಗೆಲ್ಲಬೇಕಲ್ಲ ಮಗಾ. ಇಲ್ಲಿರೋದು ನಾನೊಬ್ಬಳೇ."

ಗಾಡಿ ತಿರುಗಿತು. ಅದರ ಧೂಳು ಅಡಗುವ ತನಕ ಅವಳು ನೂಲುತ್ತಲೇ ಇದ್ದಳು. ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದು, ಬಾವಿಯಿಂದ ಕೊಡ ತುಂಬಿ ತಂದು, ಆ ದಿನ ಎರಡನೇ ಸಲ ಕಂಬದ ಬುಡಕ್ಕೆ ನೀರು ಸುರಿದಳು. ಕಂಬ ಕಿರುಗುಟ್ಟಿತು. ಬಣ್ಣ ಹೋದ ಹುಂಜ ಅವಳತ್ತ ಒಂದು ಗೇಣು ಬಾಗಿತು.