ಲೋರ್ನಾಳ ಬ್ಯಾಂಡಿಗೆ ಒಂದು ಮತ

ನಮ್ಮಲ್ಲಿ ಒಬ್ಬೊಬ್ಬರ ಕಿವಿಗೂ ಒಂದೊಂದೇ ಬಗೆಯ ಸಂಗೀತ ಕೇಳಿಸುತ್ತದೆ, ಉಳಿದದ್ದು ಕೇಳಿಸುವುದೇ ಇಲ್ಲ. ನನ್ನದು ರಾಕ್ ಕಿವಿ, ಗೆಳೆಯ ಐವನ್‌ನದು ಮೆಟಲ್. ಯಾವ ಹಾಡು ಯಾವ ಪಟ್ಟಿಗೆ ಎಂದು ಅಭಿಮಾನಿಗಳು ವರ್ಷಕ್ಕೊಮ್ಮೆ ಕೈಯೆತ್ತಿ ತೀರ್ಮಾನಿಸುತ್ತೇವೆ. ಪಟ್ಟಿ ಬದಲಾದರೆ ಅದನ್ನು ಕೇಳುವ ಕಿವಿಯೂ ಬದಲಾಗುತ್ತದೆ.

ಈ ಸಲ ಚರ್ಚೆಗೆ ಬಂದದ್ದು ತೀರಿಕೊಂಡ ನನ್ನ ಹೆಂಡತಿ ಲೋರ್ನಾಳ ಬ್ಯಾಂಡು. ಇಷ್ಟು ದಿನ ರಾಕ್ ಪಟ್ಟಿಯಲ್ಲಿತ್ತು, ದಿನಾ ಕೇಳುತ್ತಿದ್ದೆ.

"ರಾಕ್ ಅಂತಲೇ ಇರಲಿ ಮಾರಾಯ," ಎಂದು ಐವನ್ ಅಂಗಲಾಚಿದ.

ಆದರೆ ಲೋರ್ನಾ ಸಾಯುವವರೆಗೂ "ನಮ್ಮದು ಮೆಟಲ್" ಎಂದೇ ಜಗಳವಾಡಿದವಳು. ಆ ಗಿಟಾರ್ ಕೇಳಿದ ಯಾವನು ರಾಕ್ ಎನ್ನುತ್ತಾನೆ? ಕೈಯೆತ್ತಿದೆ. ಒಂದೇ ಮತದಿಂದ ಮೆಟಲ್ ಗೆದ್ದಿತು.

ಸಂಜೆ ಮನೆಯಲ್ಲಿ, ನನ್ನ ಪಾಲಿಗೆ ರೆಕಾರ್ಡು ಸದ್ದಿಲ್ಲದೆ ತಿರುಗುತ್ತಿತ್ತು. ಮೊದಲ ಸಲ ಅವಳ ಹಾಡು ಕೇಳಿದ ಐವನ್ ಕಣ್ಣೊರೆಸಿಕೊಂಡ.

"ಮೆಟಲ್ಲೇ ತಾನೇ?" ಎಂದು ಕೇಳಿದೆ.

"ಅಪ್ಪಟ," ಎಂದ.